ಕಲಘಟಗಿಯ ಭತ್ತ, ನವಲಗುಂದದ ಕಡಲೆ: ನೂರು ಕಿಲೋಮೀಟರಿನೊಳಗೆ ನೆಲ ಇಷ್ಟೊಂದು ಬದಲಾಗುವುದೇಕೆ?

ಜುಲೈ ನಡುವೆ ಕಲಘಟಗಿಯಲ್ಲಿ ಬಸ್ಸು ಹತ್ತಿದರೆ ಕಿಟಕಿಯಾಚೆ ಗದ್ದೆಯಲ್ಲಿ ನೀರು ನಿಂತಿರುತ್ತದೆ. ಹುಬ್ಬಳ್ಳಿಯಲ್ಲಿ ಇಳಿದಾಗ ಜಿಟಿಜಿಟಿ ಮಳೆ, ರಾಡಿ. ಅಲ್ಲಿಂದ ಗದಗದ ಬಸ್ಸು ಹಿಡಿದು ಅಣ್ಣಿಗೇರಿ ಬರುವ ಹೊತ್ತಿಗೆ ಮೋಡವಿದೆ, ಗಾಳಿಯಿದೆ, ಮಳೆ ಮಾತ್ರ ಇಲ್ಲ. ಗದಗ ಮುಟ್ಟುವ ತನಕದ ಒಟ್ಟು ದಾರಿ ತೊಂಬತ್ತು ಕಿಲೋಮೀಟರಿನ ಆಸುಪಾಸು. ಇಷ್ಟರಲ್ಲೇ ಕೆಂಪು ಮಸಾರಿ ಮಣ್ಣು ಹೋಗಿ ಕಪ್ಪು ಎರಿ ಮಣ್ಣು ಬಂದಿರುತ್ತದೆ, ಭತ್ತ ಹೋಗಿ ಹೆಸರು, ಹತ್ತಿ ಬಂದಿರುತ್ತವೆ, ಬಾವಿಯ ಸಿಹಿನೀರು ಸವಳಾಗಿರುತ್ತದೆ.

ಬೋರು ಕೊರೆಸುವವರು, ಎರಿ ಹೊಲದಲ್ಲಿ ಬಿದ್ದ ಪ್ಲಾಟು ಕೊಳ್ಳುವವರು, ಕೃಷಿ ಹೊಂಡ ತೆಗೆಸಲು ಅರ್ಜಿ ಹಾಕುವವರು, ಮಹದಾಯಿ ನದಿನೀರಿನ ಸುದ್ದಿ ಓದುವವರು ಕೇಳುವ ಪ್ರಶ್ನೆಗಳು ಬೇರೆ ಬೇರೆ ಅನಿಸಬಹುದು. ಉತ್ತರ ಮಾತ್ರ ಮೂರು ಸಂಗತಿಗಳ ಸುತ್ತಲೇ ತಿರುಗುತ್ತದೆ: ಗಾಳಿ ಎಷ್ಟು ಮಳೆ ಉಳಿಸಿ ತಂದಿದೆ, ನೆಲದಡಿ ಯಾವ ಕಲ್ಲಿದೆ, ನೀರು ಯಾವ ಕಡೆಗೆ ಜಾರುತ್ತದೆ.

ಮಳೆ ಖಾಲಿ ಮಾಡಿಕೊಂಡು ಬರುವ ಗಾಳಿ

ಮುಂಗಾರಿನ ಗಾಳಿ ಅರಬ್ಬಿ ಸಮುದ್ರದ ತೇವ ಹೊತ್ತು ಬರುತ್ತದೆ. ಕರಾವಳಿ ದಾಟಿದ ಕೂಡಲೇ ಸಹ್ಯಾದ್ರಿ ಅಡ್ಡ ನಿಂತಿದೆ, ಮೇಲೇರದೆ ಗತಿಯಿಲ್ಲ. ಏರಿದಂತೆ ಗಾಳಿ ತಣ್ಣಗಾಗುತ್ತದೆ. ತಣ್ಣಗಾದ ಗಾಳಿಗೆ ಅಷ್ಟೊಂದು ತೇವ ಹಿಡಿದಿಡಲು ಆಗುವುದಿಲ್ಲ, ಒದ್ದೆ ಬಟ್ಟೆ ಹಿಂಡಿದ ಹಾಗೆ ಅಲ್ಲೇ ಸುರಿಸಿಬಿಡುತ್ತದೆ. ಘಟ್ಟದ ಪಶ್ಚಿಮ ಮಗ್ಗುಲಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆಯಾಗುವುದು ಹೀಗೆ. ಈಚೆಗೆ ಇಳಿಯುವಾಗ ಅದೇ ಗಾಳಿ ಮತ್ತೆ ಬಿಸಿಯಾಗುತ್ತದೆ, ಉಳಿದ ಮೋಡವೂ ತೆಳುವಾಗುತ್ತದೆ. ಇದಕ್ಕೆ ಮಳೆ ನೆರಳು ಎನ್ನುತ್ತಾರೆ. ನೆರಳು ಒಮ್ಮೆಲೇ ಬೀಳುವುದಿಲ್ಲ, ಪೂರ್ವಕ್ಕೆ ಹೋದಂತೆ ಗಾಢವಾಗುತ್ತದೆ. ಧಾರವಾಡಕ್ಕೆ ವರ್ಷಕ್ಕೆ ಸುಮಾರು 800 ಮಿ.ಮೀ. ಸಿಕ್ಕರೆ ಗದಗಕ್ಕೆ 600ರ ಆಸುಪಾಸು.

ಕೃಷಿ ಇಲಾಖೆ ರಾಜ್ಯವನ್ನು 10 ಹವಾಮಾನ ವಲಯಗಳಾಗಿ ಹಂಚಿದೆ. ಅವುಗಳಲ್ಲಿ ಮೂರು ನಮ್ಮ ಧಾರವಾಡ–ಗದಗ–ಹಾವೇರಿ ಸೀಮೆಯಲ್ಲೇ ಒತ್ತೊತ್ತಾಗಿ ಇವೆ. ಕಲಘಟಗಿ, ಹಾನಗಲ್ಲ ಗುಡ್ಡಗಾಡು ವಲಯದಲ್ಲಿವೆ. ಧಾರವಾಡ, ಹುಬ್ಬಳ್ಳಿ, ಕುಂದಗೋಳ ನಡುವಿನ ವಲಯದಲ್ಲಿ. ನವಲಗುಂದ, ರೋಣ, ಗದಗ, ಮುಂಡರಗಿ ಒಣ ವಲಯದಲ್ಲಿ. ಬ್ಯಾಡಗಿ ಮೆಣಸಿನಕಾಯಿಗೆ ಒಗ್ಗುವುದು ಈ ನಡುವಿನ ವಲಯವೇ. ಹೆಸರು ಬ್ಯಾಡಗಿಯ ಮಾರುಕಟ್ಟೆಯದು, ಬೆಳೆ ಕುಂದಗೋಳ, ಹುಬ್ಬಳ್ಳಿ, ಸವಣೂರು ಕಡೆಯ ಎರಿ ಹೊಲಗಳದು. ಗಿಡ ಏಳುವಷ್ಟು ಮಳೆ ಬೇಕು, ಕಾಯಿ ಕೆಂಪಾಗಿ ಒಣಗುವ ಹೊತ್ತಿಗೆ ಬಿಸಿಲು ಬೇಕು. ಎರಡೂ ಕೂಡಿ ಸಿಗುವ ಪಟ್ಟಿ ಬಹಳ ಅಗಲವಿಲ್ಲ.

ಮಳೆ ಎಷ್ಟು ಎನ್ನುವಷ್ಟೇ ಯಾವಾಗ ಎನ್ನುವುದೂ ಬದಲಾಗುತ್ತದೆ. ಜುಲೈಯಲ್ಲಿ ಪಡುವಣ ಗಾಳಿ ಜೋರಾಗಿರುವಾಗ ಪಶ್ಚಿಮ ತಾಲೂಕುಗಳಿಗೆ ಮಳೆ ಹೆಚ್ಚು, ಪೂರ್ವಕ್ಕೆ ಬರೀ ಗಾಳಿ. ಸೆಪ್ಟೆಂಬರಿನಲ್ಲಿ ಆ ಗಾಳಿ ಸೋತ ಮೇಲೆ, ನೆಲದ ಕಾವಿಗೂ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಕ್ಕೂ ಎದ್ದ ಗುಡುಗಿನ ಮೋಡಗಳು ಪೂರ್ವದ ತಾಲೂಕುಗಳ ಮೇಲೆ ಸುರಿಯುತ್ತವೆ. ರೋಣ, ನವಲಗುಂದದ ರೈತ ಮೃಗಶಿರಾ ಮಳೆಗಿಂತ ಉತ್ತರಿ, ಹಸ್ತಾ ಮಳೆಗಳನ್ನು ಹೆಚ್ಚು ನೆಚ್ಚಿಕೊಂಡಿರುವುದಕ್ಕೆ ಕಾರಣ ಇಷ್ಟೇ. ಮಳೆ ಕೊಡದ ಜೂನ್‌–ಆಗಸ್ಟ್‌ ಗಾಳಿ ಸುಮ್ಮನೆ ಹೋಗುವುದಿಲ್ಲ ಎನ್ನುವುದೂ ನಿಜ. ಗದಗ ಸೀಮೆಯ ಗಾಳಿಯಂತ್ರಗಳು ವರ್ಷದಲ್ಲೇ ಹೆಚ್ಚು ವಿದ್ಯುತ್ ಕೊಡುವುದು ಆ ತಿಂಗಳುಗಳಲ್ಲಿ.

ಒಂದೇ ಊರಿನ ಮಳೆ, ಎರಡು ಸಮುದ್ರ

ಧಾರವಾಡ ನಿಂತಿರುವುದು ನೀರು ಇಬ್ಭಾಗವಾಗುವ ದಿಬ್ಬದ ಮೇಲೆ. ಮನೆಯ ಮಾಡಿನ ನಡುದಿಂಡನ್ನು ನೆನೆಸಿಕೊಳ್ಳಿ: ಅತ್ತ ಬಿದ್ದ ಹನಿ ಹಿತ್ತಲಿಗೆ, ಇತ್ತ ಬಿದ್ದ ಹನಿ ಅಂಗಳಕ್ಕೆ. ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲಾ ಕಲಘಟಗಿಯ ಕಡೆ ಹರಿದು ಬೇಡ್ತಿಯನ್ನು ಕೂಡುತ್ತದೆ. ಬೇಡ್ತಿ ಯಲ್ಲಾಪುರದ ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ದಿಬ್ಬದ ಮೂಡಣ ಮಗ್ಗುಲಿನ ಮಳೆ ತುಪ್ಪರಿಹಳ್ಳ, ಬೆಣ್ಣಿಹಳ್ಳಗಳ ಮೂಲಕ ಮಲಪ್ರಭೆಗೆ, ಕೂಡಲಸಂಗಮದಲ್ಲಿ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ.

ಹಾವೇರಿ ಜಿಲ್ಲೆಯ ಲೆಕ್ಕ ಬೇರೆ. ವರದಾ ಹುಟ್ಟುವುದು ಸಾಗರದ ಮಲೆನಾಡಿನಲ್ಲಿ, ತುಂಗಭದ್ರೆಯನ್ನು ಕೂಡುವುದು ಗಳಗನಾಥದಲ್ಲಿ. ಹಾವೇರಿಯ ಆಕಾಶ ಬೆಳ್ಳಗಿದ್ದಾಗಲೂ ವರದೆಯ ದಂಡೆಯ ಹೊಲಗಳು ಮುಳುಗುವುದು ಇದರಿಂದ. ಆ ನೀರು ಬಂದದ್ದು ಬೇರೆಯವರ ಮಳೆಯಿಂದ.

ಮಹದಾಯಿ ವಿಷಯವೂ ಇಂಥದ್ದೇ ಒಂದು ದಿಬ್ಬದ್ದು. ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುತ್ತದೆ. ಅದರ ನೆರೆಯಲ್ಲೇ, ದಿಬ್ಬದ ಆಚೆ ಮಗ್ಗುಲಲ್ಲಿ ಕಳಸಾ, ಬಂಡೂರಿ ಹಳ್ಳಗಳು ಮಹದಾಯಿಗೆ ಹರಿದು ಗೋವಾ ಕಡೆ ಹೋಗುತ್ತವೆ. ಅವುಗಳ ನೀರಿನ ಒಂದು ಪಾಲನ್ನು ಈಚೆಗೆ ತಿರುಗಿಸುವುದೇ ಯೋಜನೆ. 2018ರ ಆಗಸ್ಟಿನಲ್ಲಿ ಮಹದಾಯಿ ಜಲವಿವಾದ ನ್ಯಾಯಮಂಡಳಿ ಕರ್ನಾಟಕಕ್ಕೆ ಹಂಚಿದ್ದು ಒಟ್ಟು 13.42 ಟಿಎಂಸಿ. ಆದರೆ ಮಲಪ್ರಭೆಗೆ ತಿರುಗಿಸಲು ಇರುವುದು 3.9 ಮಾತ್ರ: ಕಳಸಾದಿಂದ 1.72, ಬಂಡೂರಿಯಿಂದ 2.18. ಉಳಿದದ್ದರಲ್ಲಿ ಹೆಚ್ಚಿನ ಪಾಲು ವಿದ್ಯುತ್ತಿಗೆ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 23,000 ಎಕರೆಯ ಮೇಲೆ ಒಂದು ಅಡಿ ನೀರು ನಿಲ್ಲಿಸಿದಷ್ಟು. ಹುಬ್ಬಳ್ಳಿ–ಧಾರವಾಡಕ್ಕೆ ಕುಡಿಯುವ ನೀರು ಕೊಡುವ ನವಿಲುತೀರ್ಥದ ರೇಣುಕಾ ಸಾಗರ ತುಂಬಿದರೆ 37.73 ಟಿಎಂಸಿ. ಪತ್ರಿಕೆಯಲ್ಲಿ 13.42, 3.9 ಎಂದು ಬೇರೆ ಬೇರೆ ಅಂಕಿ ಕಂಡಾಗ ಯಾವುದು ಯಾವುದಕ್ಕೆ ಎಂದು ನೋಡಿಕೊಳ್ಳಬೇಕು.

ಎರಿಯ ಕೆಳಗೆ ಲಾವಾ ಇಲ್ಲ

ಧಾರವಾಡ ಎಂಬ ಹೆಸರು ಪೇಡೆಯಿಂದಲೂ ಸಂಗೀತದಿಂದಲೂ ಆಚೆ ಇನ್ನೊಂದು ಕಡೆ ಸಲ್ಲುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಇಲ್ಲಿನ ಹಳೆಯ ಪದರಗಲ್ಲುಗಳಿಗೆ ಊರಿನ ಹೆಸರನ್ನೇ ಇಟ್ಟರು. ಇಂದಿಗೂ ಭೂವಿಜ್ಞಾನಿಗಳಿಗೆ ಅವು ಧಾರವಾಡ ಶಿಲೆಗಳು. ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಕೆಸರು, ಮರಳು, ಜ್ವಾಲಾಮುಖಿಯ ಬೂದಿ ಪದರಪದರವಾಗಿ ಕೂತು, ಭೂಮಿಯೊಳಗಿನ ಒತ್ತಡಕ್ಕೆ ಸಿಕ್ಕಿ ಹಾಳೆಹಾಳೆಯಾಗಿ ಬಿಡುವ ಕಲ್ಲಾಗಿವೆ. ಅವುಗಳ ಅಕ್ಕಪಕ್ಕದಲ್ಲಿ ಇರುವುದು ಗ್ರಾನೈಟಿನ ಜಾತಿಯ, ಪಟ್ಟೆ ಮೂಡಿದ ಗಟ್ಟಿ ಕಲ್ಲು.

ಶಾಲೆಯಲ್ಲಿ ಕಪ್ಪು ಮಣ್ಣು ದಖ್ಖನ್ನಿನ ಲಾವಾದಿಂದ ಆಯಿತು ಎಂದು ಕಲಿತವರಿಗೆ ಇಲ್ಲೊಂದು ತೊಡಕು. ಸುಮಾರು 6.6 ಕೋಟಿ ವರ್ಷದ ಹಿಂದಿನ ಆ ಲಾವಾದ ತೆಂಕಣ ಅಂಚು ಬೆಳಗಾವಿ ಸೀಮೆಯಲ್ಲಿ ಮುಗಿಯುತ್ತದೆ. ಗದಗ, ನವಲಗುಂದದ ಎರಿಯ ಕೆಳಗೆ ಅಗೆದರೆ ಸಿಗುವುದು ಹಳೆಯ ಪದರಗಲ್ಲು ಇಲ್ಲವೇ ಪಟ್ಟೆಗಲ್ಲು. ಹಾಗಿದ್ದರೆ ಎರಿ ಹೇಗಾಯಿತು? ಕಲ್ಲು ಕೊಳೆತಾಗ ಯಾವ ಜೇಡಿ ಹುಟ್ಟುತ್ತದೆ ಎಂಬುದು ನೀರಿನ ಹರಿವಿನ ಮೇಲೆ ನಿಂತಿದೆ. ಪಶ್ಚಿಮದಲ್ಲಿ ಮಳೆ ಹೆಚ್ಚು, ನೆಲ ಇಳಿಜಾರು. ಸುಣ್ಣ, ಮೆಗ್ನೀಸಿಯಂ ತೊಳೆದು ಹೋಗುತ್ತವೆ, ಕಬ್ಬಿಣ ತುಕ್ಕು ಹಿಡಿದು ಉಳಿಯುತ್ತದೆ. ಮಸಾರಿಯ ಕೆಂಪು ಅದೇ ತುಕ್ಕು. ಪೂರ್ವದಲ್ಲಿ ಮಳೆ ಕಡಿಮೆ, ನೆಲ ಮಟ್ಟಸ. ಎತ್ತರದಿಂದ ಬಂದ ನುಣುಪು ಮಣ್ಣೂ ಸುಣ್ಣವೂ ತಗ್ಗಿನಲ್ಲೇ ಕೂಡುತ್ತವೆ. ಅಲ್ಲಿ ಹುಟ್ಟುವುದು ಸ್ಮೆಕ್ಟೈಟ್ ಎಂಬ ಜಾತಿಯ ಜೇಡಿ. ಅದರ ಹಾಳೆಗಳು ಪುಸ್ತಕದ ಪುಟಗಳಂತೆ. ನಡುವೆ ನೀರು ಹೊಕ್ಕರೆ ಉಬ್ಬುತ್ತವೆ, ಆರಿದರೆ ಕುಗ್ಗುತ್ತವೆ. ಎರಿಯ ಗುಣ, ಅವಗುಣ ಎಲ್ಲವೂ ಈ ಒಂದು ಉಬ್ಬು–ಕುಗ್ಗಿನಲ್ಲಿದೆ.

ನಿಮ್ಮ ಹೊಲದ್ದು ಯಾವ ಮಣ್ಣು ಎಂದು ತಿಳಿಯಲು ಒಂದು ಮುಷ್ಟಿ ಮಣ್ಣನ್ನು ರೊಟ್ಟಿ ಹಿಟ್ಟಿನ ಹದಕ್ಕೆ ನಾದಿ, ಹೆಬ್ಬೆರಳು–ತೋರುಬೆರಳ ನಡುವೆ ಪಟ್ಟಿಯಾಗಿ ಒತ್ತಿ ಹೊರಡಿಸಿ. 5 ಸೆಂ.ಮೀ.ಗೂ ಉದ್ದ ಬಂದು ಮುರಿಯದಿದ್ದರೆ ಜೇಡಿ ಹೆಚ್ಚು. 2 ಸೆಂ.ಮೀ. ಆಗುವ ಮೊದಲೇ ಹರಿದರೆ ಮರಳು ಹೆಚ್ಚು. ಮಣ್ಣಿನಲ್ಲಿ ಸಿಗುವ ಬಿಳಿ ಹರಳಿನ ಮೇಲೆ ನಿಂಬೆರಸ ಹಿಂಡಿದಾಗ ನೊರೆ ಬಂದರೆ ಅದು ಸುಣ್ಣ.

ಒಂದು ಎಕರೆ ಎರಿ ತಾನೇ ಒಂದು ಹೊಂಡ

ಒಂದು ಎಕರೆಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. 25 ಮಿ.ಮೀ.ನ ಒಂದು ಒಳ್ಳೆಯ ಮಳೆ ಎಂದರೆ ಎಕರೆಗೆ ಒಂದು ಲಕ್ಷ ಲೀಟರ್, 5,000 ಲೀಟರಿನ 20 ಟ್ಯಾಂಕರ್. ಒಂದು ಮೀಟರ್ ಆಳದ ಎರಿ ಬೇರಿಗೆ ಎಟುಕುವಂತೆ 150ರಿಂದ 200 ಮಿ.ಮೀ. ನೀರು ಹಿಡಿದಿಡಬಲ್ಲದು. ಅಂದರೆ ಎಕರೆಗೆ 6ರಿಂದ 8 ಲಕ್ಷ ಲೀಟರ್. ಈಗ ಕೃಷಿ ಹೊಂಡದ ಲೆಕ್ಕ ನೋಡಿ: 21 ಮೀ. ಉದ್ದ, 21 ಮೀ. ಅಗಲ, 3 ಮೀ. ಆಳದ ಹೊಂಡಕ್ಕೆ ಎರಿಯಲ್ಲಿ ಮಗ್ಗುಲು ಕುಸಿಯದಂತೆ ಒಂದಕ್ಕೆ ಒಂದೂವರೆ ಇಳಿಜಾರು ಕೊಟ್ಟರೆ ತಳ 12 ಮೀ.ಗೆ ಇಳಿಯುತ್ತದೆ, ಹಿಡಿಯುವ ನೀರು 8.4 ಲಕ್ಷ ಲೀಟರಿನಷ್ಟು. ಒಂದು ಎಕರೆ ಆಳವಾದ ಎರಿ ಏನೂ ಖರ್ಚಿಲ್ಲದೆ ಹೆಚ್ಚುಕಡಿಮೆ ಅಷ್ಟನ್ನೇ ಹಿಡಿಯುತ್ತದೆ.

ಹಿಂಗಾರಿ ಬೇಸಾಯ ನಿಂತಿರುವುದು ಈ ಲೆಕ್ಕದ ಮೇಲೆ. ಸೆಪ್ಟೆಂಬರ್ ತನಕದ ಮಳೆ ಮಣ್ಣಿನಲ್ಲಿ ಕೂತಿರುತ್ತದೆ. ಆಮೇಲೆ ಬಿತ್ತಿದ ಬಿಳಿಜೋಳ, ಕಡಲೆ, ಕುಸುಬಿ ಹೆಚ್ಚಿನ ಮಳೆಯಿಲ್ಲದೆ ಆ ಹಸಿಯಲ್ಲೇ ಬೆಳೆದು ನಿಲ್ಲುತ್ತವೆ. ಮಸಾರಿಯಲ್ಲಿ ಇದನ್ನು ಮಾಡಲು ಹೋದರೆ ಬೆಳೆ ನಡುವೆಯೇ ಬಾಡುತ್ತದೆ. ಅದು ಹಿಡಿಯುವ ನೀರೂ ಕಡಿಮೆ, ಕೆಳಗೆ ಗರಸು (ಹರಳು ಬೆರೆತ ಗಟ್ಟಿ ಮಣ್ಣು) ಬೇಗ ಸಿಗುವುದರಿಂದ ಆಳವೂ ಕಡಿಮೆ.

ತೊಂದರೆ ಇರುವುದು ನೀರನ್ನು ಒಳಗೆ ಇಳಿಸುವಲ್ಲಿ. ಬೇಸಿಗೆಯಲ್ಲಿ ಬಾಯಿಬಿಟ್ಟ ಎರಿ ಮೊದಲ ಮಳೆಗಳನ್ನು ಬಿರುಕಿನ ದಾರಿಯಲ್ಲಿ ಗಟಗಟ ಕುಡಿಯುತ್ತದೆ. ಉಬ್ಬಿ ಬಿರುಕು ಮುಚ್ಚಿದ ಮೇಲೆ ನೀರು ಇಳಿಯುವ ವೇಗ ತಾಸಿಗೆ ಕೆಲವೇ ಮಿಲಿಮೀಟರ್. ಉಳಿದದ್ದು ಮಣ್ಣು ಹೊತ್ತುಕೊಂಡು ಹಳ್ಳಕ್ಕೆ. ಇದಕ್ಕೆ ಚೌಕು ಮಡಿ ಸುಲಭದ ಉಪಾಯ. ಜೂನ್–ಜುಲೈಯಲ್ಲಿ ಹೊಲವನ್ನು 3 ಮೀ.ನಿಂದ 4.5 ಮೀ. ಬದಿಯ ಚೌಕಗಳಾಗಿ ಗೇಣೆತ್ತರದ ಬದುವಿನಿಂದ ಕಟ್ಟಿದರೆ ಬಿದ್ದ ಮಳೆ ಬಿದ್ದಲ್ಲೇ ನಿಂತು ನಿಧಾನ ಇಳಿಯುತ್ತದೆ. ಬಿತ್ತುವ ಹೊತ್ತಿಗೆ ಹರಗಿದರೆ ಆಯಿತು. ಬೆಳೆ ನಿಂತ ಮೇಲೆ ಎಡೆಕುಂಟಿ ಹೊಡೆಯುವುದು ಕಸಕ್ಕಷ್ಟೇ ಅಲ್ಲ, ಮೇಲಿನ ಎರಡಿಂಚು ಪುಡಿ ಮಣ್ಣು ಬಿರುಕು ಮುಚ್ಚಿ ಒಳಗಿನ ಹಸಿ ಆರದಂತೆ ಹೊದಿಕೆಯಾಗುತ್ತದೆ.

ದೊಡ್ಡ ಒಡ್ಡುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮಸಾರಿಯಲ್ಲಿ ಸಮಪಾತಳಿಯ ಒಡ್ಡು ಚೆನ್ನಾಗಿ ಕೆಲಸ ಮಾಡುತ್ತದೆ. ಅದೇ ನಕ್ಷೆಯನ್ನು ಆಳವಾದ ಎರಿಗೆ ತಂದರೆ ಒಡೆಯುತ್ತದೆ. ಬೇಸಿಗೆಯಲ್ಲಿ ಒಡ್ಡೇ ಬಿರಿದಿರುತ್ತದೆ, ಮುಂಗಾರಿಯಲ್ಲಿ ತಡೆದ ನೀರು ಆ ಬಿರುಕಿನಲ್ಲಿ ನುಗ್ಗಿ ಬುಡದಿಂದ ಕೊರೆಯುತ್ತದೆ. ಒಡೆಯದೆ ನಿಂತರೂ ಹಿಂದೆ ನೀರು ವಾರಗಟ್ಟಲೆ ನಿಂತು ಬೇರು ಕೊಳೆಯುತ್ತದೆ. ಹಾಗಾಗಿ ಎರಿಗೆ ತುಸು ಓಟ ಕೊಟ್ಟ ಒಡ್ಡು, ಕಲ್ಲು ಹೊದಿಸಿದ ಕೋಡಿ.

ಹೊಂಡಕ್ಕೂ ಇದೇ ವ್ಯತ್ಯಾಸ. ಆಳವಾದ ಎರಿಯಲ್ಲಿ ನೀರು ತುಂಬಿದ ಕೆಲ ದಿನಕ್ಕೆ ತಳ ಉಬ್ಬಿ ತಾನೇ ಮುಚ್ಚಿಕೊಳ್ಳುತ್ತದೆ, ಹಾಳೆ ಬೇಕಿಲ್ಲ. ಮಸಾರಿ, ಮಡ್ಡಿಯಲ್ಲಿ ಪಾಲಿಥಿನ್ ಹಾಳೆಯಿಲ್ಲದ ಹೊಂಡ ವಾರದಲ್ಲಿ ಖಾಲಿ. ನೀರು ಒಳಬರುವ ಬಾಯಲ್ಲಿ ಹೂಳು ತಡೆಯುವ ಚಿಕ್ಕ ಗುಂಡಿ ಇಡದಿದ್ದರೆ ಕೆಲವೇ ವರ್ಷದಲ್ಲಿ ಹೊಂಡ ಹೂಳಿಗೆ ಅರ್ಧವಾಗುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 6–8 ಮಿ.ಮೀ. ಆವಿಯಾಗುವುದರಿಂದ, ಫೆಬ್ರುವರಿಯಿಂದ ಮೇ ವರೆಗೆ ನೀರು ಇಟ್ಟುಕೊಳ್ಳುತ್ತೇನೆ ಎನ್ನುವವರು ಮುಕ್ಕಾಲರಿಂದ ಒಂದು ಮೀಟರ್ ಬಿಸಿಲಿಗೆ ಬಿಟ್ಟುಕೊಡಬೇಕು. ಹಿಂಗಾರಿ ಬೆಳೆ ಹೂ ಬಿಡುವಾಗ ಒಮ್ಮೆ ಕೊಟ್ಟು ಮುಗಿಸುವುದೇ ಲಾಭ.

ಬೆಣ್ಣಿಹಳ್ಳ ಉಕ್ಕುವುದೇಕೆ

ಶಿಗ್ಗಾಂವಿ ತಾಲೂಕಿನಲ್ಲಿ ಹುಟ್ಟಿ ಕುಂದಗೋಳ, ಹುಬ್ಬಳ್ಳಿ, ನವಲಗುಂದ ಸೀಮೆಯ ನೀರು ಕೂಡಿಸಿಕೊಂಡು ರೋಣದ ಕಡೆ ಮಲಪ್ರಭೆ ಸೇರುವ ಬೆಣ್ಣಿಹಳ್ಳ, ಬೇಸಿಗೆಯಲ್ಲಿ ದಾಟಲು ಚಪ್ಪಲಿ ಕಳಚುವ ಅಗತ್ಯವಿಲ್ಲದಷ್ಟು ಒಣಗಿರುತ್ತದೆ. ನೆನೆದ ಎರಿಯ ಮೇಲೆ ಎರಡು ದಿನ ಸತತ ಮಳೆ ಬಿದ್ದರೆ ನೀರಿಗೆ ಇಳಿಯಲು ಜಾಗವಿಲ್ಲ, ಎಲ್ಲ ಹೊಲಗಳೂ ಒಟ್ಟಿಗೆ ಹಳ್ಳಕ್ಕೆ ಬಿಡುತ್ತವೆ. ಪಾತ್ರ ಮಟ್ಟಸ, ಹೂಳು ತುಂಬಿದೆ, ಜಾಲಿ ಬೆಳೆದಿದೆ. ನೀರು ಮುಂದೆ ಓಡಲಾಗದೆ ಅಗಲಕ್ಕೆ ಹರಡುತ್ತದೆ. 2019ರ ಆಗಸ್ಟಿನಂತೆ ಅದೇ ಹೊತ್ತಿಗೆ ಮಲಪ್ರಭೆಯೂ ತುಂಬಿದ್ದರೆ ಕೂಡುವ ಬಾಯೇ ಕಟ್ಟಿದಂತಾಗಿ ಹಳ್ಳ ಹಿಂದಕ್ಕೆ ಒತ್ತುತ್ತದೆ.

ಬೋರಿನ ನೀರು: ಸವಳು ಮತ್ತು ಫ್ಲೋರೈಡು

ನೆಲದಡಿ ಹೊಳೆ ಹರಿಯುತ್ತದೆ ಎಂಬ ಮಾತು ನಮ್ಮ ಕಲ್ಲಿಗೆ ಹೊಂದುವುದಿಲ್ಲ. ಗಟ್ಟಿ ಕಲ್ಲಿನೊಳಗೆ ನೀರಿಲ್ಲ. ಮೇಲಿನ ಕೊಳೆತ ಪದರದಲ್ಲಿ ಒಂದಿಷ್ಟು, ಅದರ ಕೆಳಗೆ ಬಿರುಕುಗಳಲ್ಲಿ ಒಂದಿಷ್ಟು ಅಷ್ಟೇ. ಆಳಕ್ಕೆ ಹೋದಂತೆ ಬಿರುಕುಗಳು ಕಡಿಮೆಯಾಗುತ್ತವೆ, ಇದ್ದವೂ ಒತ್ತಡಕ್ಕೆ ಮುಚ್ಚಿಕೊಂಡಿರುತ್ತವೆ. ಪಕ್ಕದ ಹೊಲದಲ್ಲಿ ನೀರು ಬಿದ್ದು ನಿಮ್ಮಲ್ಲಿ ಬರೀ ಧೂಳು ಬರುವುದು ಬಿರುಕು ತಪ್ಪಿದ್ದರಿಂದ. 500 ಅಡಿಯಲ್ಲಿ ಸಿಗದ್ದು 800ರಲ್ಲಿ ಸಿಗುವ ಸಂಭವ ಹೆಚ್ಚುವುದಿಲ್ಲ, ಬಿಲ್ಲು ಮಾತ್ರ ಹೆಚ್ಚುತ್ತದೆ.

ನವಲಗುಂದ ಕಡೆ ನೀರು ಸಿಕ್ಕರೂ ಸವಳು. ದಿನಾ ನೀರು ಕಾಸುವ ಹಂಡೆಯ ಒಳಗೆ ಬಿಳಿ ಕರೆ ಕಟ್ಟುವುದನ್ನು ನೋಡಿದವರಿಗೆ ಕಾರಣ ಹೊಸದಲ್ಲ. ಕಲ್ಲಿನಿಂದ ಬಿಟ್ಟ ಉಪ್ಪನ್ನು ಪಶ್ಚಿಮದ ಮಳೆ ತೊಳೆದು ಬೇಡ್ತಿಗೆ ಒಯ್ಯುತ್ತದೆ. ಪೂರ್ವದಲ್ಲಿ ನೀರು ಆವಿಯಾಗಿ ಉಪ್ಪು ಉಳಿಯುತ್ತದೆ. ಊರಿನವರು ಕುಡಿಯುವ ನೀರಿಗೆ ಬಾವಿ ಬಿಟ್ಟು ಕೆರೆಗಳನ್ನು ಕಾಯ್ದುಕೊಂಡು ಬಂದದ್ದು ಇದೇ ಕಾರಣಕ್ಕೆ. ಮಲಪ್ರಭೆಯ ಕಾಲುವೆ ಬಂದ ಮೇಲೆ ಕೆಲವು ಹೊಲಗಳು ಜವಳಾದದ್ದೂ ಇದರ ಮುಂದುವರಿಕೆ. ಬಸಿಯದ ಎರಿಗೆ ಮೇಲಿಂದ ಮೇಲೆ ನೀರು ಬಿಟ್ಟಾಗ ಒಳಗಿನ ನೀರಿನ ಮಟ್ಟ ಏರಿ, ಉಪ್ಪನ್ನು ಬೇರಿನ ತನಕ ತಂದು ಬಿಡುತ್ತದೆ. ಇಂಥ ಹೊಲಕ್ಕೆ ಬಸಿಗಾಲುವೆ ಮೊದಲು, ಜಿಪ್ಸಂ ಆಮೇಲೆ. ಬಸಿಯಲು ದಾರಿಯಿಲ್ಲದೆ ಸುರಿದ ಜಿಪ್ಸಂ ದುಡ್ಡು ಹೂತಂತೆ.

ಮುಂಡರಗಿ ಕಡೆಯ ತೊಂದರೆ ನಾಲಿಗೆಗೆ ಗೊತ್ತಾಗುವುದಿಲ್ಲ. ಗ್ರಾನೈಟ್ ಜಾತಿಯ ಕಲ್ಲಿನ ಖನಿಜಗಳಿಂದ ಫ್ಲೋರೈಡು ನೀರಿಗೆ ಬಿಡುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಅದಕ್ಕೂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಲೆ, ಆಮೇಲೆ ಎಲುಬು–ಕೀಲು ಬಿಗಿತ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಫ್ಲೋರೈಡು ಇನ್ನಷ್ಟು ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗದು. ಪರೀಕ್ಷೆ ಮಾಡಿಸದೆ ತಿಳಿಯುವ ದಾರಿಯಿಲ್ಲ, ಆರ್‌ಒ ಘಟಕದ ನೀರು ಅಥವಾ ಮಳೆನೀರು ಬಿಟ್ಟರೆ ಮನೆಮಟ್ಟದಲ್ಲಿ ಸುಲಭದ ಪರಿಹಾರವೂ ಇಲ್ಲ.

ಎರಿಯ ಮೇಲೆ ಮನೆ

ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕಿರಿದಾಗುವಂಥದ್ದು, ಎರಿಯ ಸಹಿ. ಮನೆಯ ನಡುವಿನ ಮಣ್ಣು ವರ್ಷವಿಡೀ ಒಂದೇ ಹಸಿಯಲ್ಲಿದ್ದರೆ ಹೊರ ಅಂಚಿನ ಮಣ್ಣು ನೆನೆದು, ಆರಿ ಏರಿಳಿಯುತ್ತದೆ. ಗೋಡೆ ನಡುವೆ ಸೀಳುತ್ತದೆ. ಎರಿ ನಾಲ್ಕೈದು ಅಡಿಯಲ್ಲೇ ಮುಗಿಯುವುದಾದರೆ ಪೂರ್ತಿ ತೆಗೆದು ಗರಸು ತುಂಬಿ, ಪದರಪದರವಾಗಿ ನೀರು ಹಾಕಿ ದಮ್ಮಸು ಮಾಡಿದರೆ ಸಾಕು. ಅದಕ್ಕಿಂತ ಆಳವಿದ್ದರೆ ಬುಡದಲ್ಲಿ ಗುಬುಟಾಗಿ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ಕನಿಷ್ಠ 3.5 ಮೀ. ಇಳಿಸಬೇಕು, ಅಷ್ಟು ಕೆಳಗೆ ಮಣ್ಣಿನ ಹಸಿ ಋತುವಿನೊಂದಿಗೆ ಬದಲಾಗುವುದಿಲ್ಲ. ಎಂಜಿನಿಯರರು ಇದಕ್ಕೆ ಅಂಡರ್‌ರೀಮ್ಡ್ ಪೈಲ್ ಎನ್ನುತ್ತಾರೆ. ಕಂಬಗಳನ್ನು ಜೋಡಿಸುವ ಬೀಮಿನ ಕೆಳಗೆ ಮೂರಿಂಚು ಸಂದು ಬಿಡುವುದನ್ನು ಮೇಸ್ತ್ರಿಗಳು ಮರೆಯುವುದುಂಟು. ಸಂದಿಲ್ಲದಿದ್ದರೆ ಉಬ್ಬಿದ ಮಣ್ಣು ಬೀಮನ್ನೇ ಮೇಲೆತ್ತುತ್ತದೆ. ಮನೆಯ ಸುತ್ತ ಒಂದು ಮೀಟರಿಗೂ ಹೆಚ್ಚು ಅಗಲದ, ಹೊರಕ್ಕೆ ಓಟವಿರುವ ಕಾಂಕ್ರೀಟ್ ಪಟ್ಟಿ ಹಾಕಿಸಿ, ಸೋರುವ ನಳ ರಿಪೇರಿ ಮಾಡಿಸಿ.

ಕಪ್ಪತಗುಡ್ಡ ಮತ್ತು ಬಂಗಾರ

ಗದಗದಿಂದ ಮುಂಡರಗಿಯ ಕಡೆ ತುಂಗಭದ್ರೆಯವರೆಗೆ ಚಾಚಿದ ಕಪ್ಪತಗುಡ್ಡ ಅದೇ ಹಳೆಯ ಧಾರವಾಡ ಶಿಲೆಗಳ ಏಣು. ಸುತ್ತಲಿನ ಕಲ್ಲು ಸವೆದು ಹೋದರೂ ಕಬ್ಬಿಣದ ಪಟ್ಟೆಯಿರುವ ಗಟ್ಟಿ ಪದರ ಸವೆಯದೆ ನಿಂತಿದೆ. ಬಂಗಾರ ಇರುವುದು ಈ ಶಿಲೆಗಳನ್ನು ಸೀಳಿಕೊಂಡು ಬಂದ ಬೆಣಚುಕಲ್ಲಿನ ಎಳೆಗಳಲ್ಲಿ. ಗುಡ್ಡ ಸವೆದಂತೆ ಕಣಗಳು ಹಳ್ಳಕ್ಕೆ ಇಳಿಯುತ್ತವೆ. ಡೋಣಿ, ಸೊರಟೂರು ಕಡೆಯ ಹಳ್ಳಗಳಲ್ಲಿ ಜಾಲಗಾರರು ಮರಳು ತೊಳೆದು ಬಂಗಾರ ಎತ್ತುತ್ತಿದ್ದರು. ಬಂಗಾರ ಮರಳಿಗಿಂತ ಏಳು ಪಟ್ಟು ಭಾರ, ಮೊರದಲ್ಲಿ ಕೇರಿದಂತೆ ಹಗುರದ್ದು ಹಾರಿ ಭಾರದ್ದು ತಳದಲ್ಲಿ ಉಳಿಯುತ್ತದೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕಂಪನಿಗಳು ಗಣಿ ತೋಡಿದವು, ಬಹಳ ಕಾಲ ನಡೆಸಲಾಗಲಿಲ್ಲ.

ಬಂಗಾರ ಇದೆ ಎನ್ನುವುದಕ್ಕೂ ತೆಗೆಯಬಹುದು ಎನ್ನುವುದಕ್ಕೂ ದೂರವಿದೆ. ಇಂಥ ಗಟ್ಟಿ ಕಲ್ಲಿನ ಅದಿರಿನಲ್ಲಿ ಟನ್ನಿಗೆ ಸಿಗುವುದು ಸಾಮಾನ್ಯವಾಗಿ ಕೆಲವು ಗ್ರಾಂ. ಟನ್ನಿಗೆ 3 ಗ್ರಾಂ ಎಂದು ಹಿಡಿದರೆ ಹತ್ತು ಗ್ರಾಂ ತೂಕದ ಒಂದು ಸರಕ್ಕೆ ಮೂರು ಟನ್ನಿಗೂ ಹೆಚ್ಚು ಕಲ್ಲು ಒಡೆದು, ಹಿಟ್ಟಿನಂತೆ ಅರೆದು, ಸೈನೈಡ್ ನೀರಿನಲ್ಲಿ ಕರಗಿಸಬೇಕು. ಉಳಿದ ಮೂರು ಟನ್ ಹಿಟ್ಟು ಮಳೆಗೆ ಜಾರದಂತೆ ಎಲ್ಲಿಡುವುದು ಎಂಬುದೂ ಖರ್ಚಿನ ಲೆಕ್ಕದಲ್ಲೇ ಬರುತ್ತದೆ. ಗುಡ್ಡದ 244.15 ಚದರ ಕಿಲೋಮೀಟರ್ 2019ರಲ್ಲಿ ವನ್ಯಜೀವಿಧಾಮವಾಗಿದೆ. ವನ್ಯಜೀವಿಧಾಮದೊಳಗೂ ಅದರ ಗಡಿಯಿಂದ ಒಂದು ಕಿಲೋಮೀಟರಿನೊಳಗೂ ಗಣಿಗಾರಿಕೆ ಕೂಡದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಆದ್ದರಿಂದ ಬಂಗಾರದ ನಿಕ್ಷೇಪದ ಸುದ್ದಿ ಬಂದಾಗ ಮೊದಲು ನೋಡಬೇಕಾದದ್ದು ಎಷ್ಟು ಟನ್ ಎಂಬುದಲ್ಲ. ಆ ಸರ್ವೆ ನಂಬರು ಗಡಿಯ ಯಾವ ಮಗ್ಗುಲಲ್ಲಿದೆ, ಟನ್ನಿಗೆ ಎಷ್ಟು ಗ್ರಾಂ ಎಂಬುದು.